ಶಿವಾಜಿ ಸೇತುವೆ, ಕೊಲ್ಹಾಪುರ

ಬ್ರಹ್ಮಪುರಿ ದಿಬ್ಬದ ಮಗ್ಗುಲಲ್ಲಿ ಪಂಚಗಂಗೆಯನ್ನು ದಾಟಿಸುವ ಈ ಕಲ್ಲು ಕಮಾನುಗಳು ಎದ್ದದ್ದು 1874ರಿಂದ 1878ರ ನಡುವೆ. ಕೊಲ್ಹಾಪುರದಿಂದ ಪನ್ಹಾಳ, ರತ್ನಾಗಿರಿಗಳ ಕಡೆ ಹೋಗುವ ದಾರಿಗೆ ಇದೇ ಬಾಗಿಲು. ಊರವರ ಬಾಯಲ್ಲಿ ‘ಶಿವಾಜಿ ಪೂಲ್’. ಈ ಹೊಳೆ ಕೊನೆಗೆ ಕೃಷ್ಣೆಯ ಪಾಲು, ಸೇರುವುದು ನರಸೋಬಾವಾಡಿಯಲ್ಲಿ.

ಕಮಾನಿನ ಗುಟ್ಟು ಅದರ ಬೆಣೆಯಾಕಾರದ ಕಲ್ಲುಗಳಲ್ಲಿದೆ. ಮೇಲಿನ ಭಾರಕ್ಕೆ ಅವು ಜಾರುವುದಿಲ್ಲ, ಒಂದನ್ನೊಂದು ಒತ್ತಿ ಬಿಗಿಯುತ್ತವೆ. ಆ ಒತ್ತಡ ಕಂಬಗಳಿಗೆ ಹರಿದು ಹೊಳೆಯ ತಳಕ್ಕೆ ಇಳಿಯುತ್ತದೆ. ಚಕ್ಕಡಿಗಳ ಕಾಲದಲ್ಲಿ ಹಾಕಿದ ಲೆಕ್ಕ ಲಾರಿ, ಬಸ್ಸುಗಳನ್ನೂ ಹೊತ್ತದ್ದು ಹೀಗೆ. ಅಗಲ ಮಾತ್ರ ಚಕ್ಕಡಿಯ ಕಾಲದ್ದೇ ಉಳಿಯಿತು.

2018ರ ಜನವರಿ 26ರ ರಾತ್ರಿ ಮಿನಿಬಸ್ಸೊಂದು ಇಲ್ಲಿಂದ ನದಿಗೆ ಬಿದ್ದು 13 ಮಂದಿ ತೀರಿಕೊಂಡರು. ಪಕ್ಕದ ಹೊಸ ಸೇತುವೆಯ ಕೆಲಸ ಆಗ ನಡುವೆಯೇ ನಿಂತಿತ್ತು. ಕಾರಣ ಬ್ರಹ್ಮಪುರಿ: ಅದು ಸಂರಕ್ಷಿತ ಸ್ಮಾರಕ, ಅದರ ಸುತ್ತ ಹೊಸ ಕಟ್ಟಡಕ್ಕೆ ಪುರಾತತ್ವ ಕಾಯ್ದೆಯ ತಡೆ. ಹಳೆಯದನ್ನು ಕಾಯುವ ಕಾನೂನೇ ಹಳೆಯ ಸೇತುವೆಯ ಬೆನ್ನಿನ ಭಾರವನ್ನು ಇಳಿಸದೆ ಉಳಿಸಿದ್ದು ವಿಚಿತ್ರವೇ ಸರಿ. ಮುಂದೆ ಹೊಸ ಸೇತುವೆ ಪೂರ್ತಿಯಾಯಿತು.

ದಿಬ್ಬವೂ ಸಾಮಾನ್ಯದ್ದಲ್ಲ. 1940ರ ದಶಕದಲ್ಲಿ ಅಲ್ಲಿ ಅಗೆದಾಗ ರೋಮನ್ನರ ಕಾಲದ ಕಂಚಿನ ಸಮುದ್ರದೇವತೆ ಪೊಸೈಡಾನ್ ಸಿಕ್ಕಿತು. ಆ ಅಗೆತದ ವಸ್ತುಗಳಿಗಾಗಿಯೇ ಹುಟ್ಟಿದ ವಸ್ತುಸಂಗ್ರಹಾಲಯ ನಗರದ ಟೌನ್ ಹಾಲ್‌ನಲ್ಲಿದೆ. ಸೇತುವೆ ನೋಡಿದವರು ಅಲ್ಲಿಗೂ ಹೋಗಿಬನ್ನಿ.