ಸವೆದ ಮಲೆಗಳ ಹೊನ್ನು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಸುತ್ತಣ ಬಯಲನ್ನು ಕಂಡವರಿಗೆ, ಅಲ್ಲಿ ಒಂದು ಕಾಲಕ್ಕೆ ಪರ್ವತಗಳಿದ್ದುವೆಂದರೆ ನಂಬುಗೆ ಬಾರದು. ಆದರೂ ಆ ಎರೆನೆಲದ ಕೆಳಗಿರುವ ಧಾರವಾಡ ಶಿಲೆಗಳು, ಸುಮಾರು 250 ಕೋಟಿ ವರ್ಷಗಳ ಹಿಂದೆ ಇಕ್ಕೆಲಗಳ ಭೂಭಾಗಗಳ ನಡುವೆ ಸಿಲುಕಿ, ಮಡಿಚಿ, ಕಡಿದಾಗಿ ನಿಂತು, ಆಮೇಲೆ ಮಳೆಗಾಳಿಗಳಿಗೆ ಮೈಲಿಗಟ್ಟಲೆ ಸವೆದುಹೋದ ಮಲೆಗಳ ಬುಡವೇ ಆಗಿವೆ. ಕೋಲಾರ, ಹಟ್ಟಿ, ಕಪ್ಪತಗುಡ್ಡಗಳ ಚಿನ್ನವೆಲ್ಲವೂ ಅಂತಹ ಬುಡಗಳಲ್ಲಿ ಜನಿಸಿದುದು.

ಅದರ ಜನನಕ್ರಮ ವಿಸ್ಮಯಕರವಾದುದು. ಕಡಲಿನ ತಳದಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾಶಿಲೆಯಲ್ಲಿ ಚಿನ್ನವಿರುವುದು ಟನ್ನಿಗೆ ಕೆಲವೇ ಮಿಲಿಗ್ರಾಂ. ಅದನ್ನು ಯಾವ ಮನುಷ್ಯನೂ ಆಯಲಾರನು. ಆದರೆ ಪರ್ವತಜನನದ ಒತ್ತಡಕ್ಕೆ ಸಿಕ್ಕಿ ಆ ಶಿಲೆ ಆಳಕ್ಕಿಳಿದು ಕಾಯ್ದಾಗ, ಅದರ ಖನಿಜಗಳೊಳಗೆ ಅಡಗಿದ್ದ ನೀರು ಗಂಧಕವನ್ನೂ ಇಂಗಾಲಾಮ್ಲವನ್ನೂ ಕೂಡಿಕೊಂಡು ಹೊರಬಿದ್ದು, ಗಂಧಕದ ಸಹಾಯದಿಂದ ಚಿನ್ನದ ಕಣಕಣವನ್ನೂ ಕರಗಿಸಿಕೊಂಡು, ಮುನ್ನೂರು ನಾನೂರು ಡಿಗ್ರಿಗಳ ಉಷ್ಣದಲ್ಲಿ ಭೂಮಿಯ ಬಿರುಕುಗಳನ್ನು ಹಿಡಿದು ಮೇಲೇರತೊಡಗುತ್ತದೆ. ಭೂಕಂಪವಾಗಿ ಬಿರುಕು ತೆರೆದೊಡನೆ ಒತ್ತಡ ಇಳಿಯುತ್ತದೆ. ಪಕ್ಕದ ಶಿಲೆಯ ಕಬ್ಬಿಣ ಗಂಧಕವನ್ನು ಸೆಳೆದುಕೊಳ್ಳುತ್ತದೆ. ಆಶ್ರಯ ತಪ್ಪಿದ ಚಿನ್ನ ಅಲ್ಲಿಯೇ ನೆಲೆಸುತ್ತದೆ. ಬಿರುಕನ್ನು ಬೆಣಚುಕಲ್ಲು ತುಂಬಿ ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ಕಂಪನ, ಮತ್ತೊಂದು ಪದರ. ಕೋಲಾರದ ಚಾಂಪಿಯನ್ ಎಂಬ ಚಿನ್ನದ ಸಿರೆಯನ್ನು ನಮ್ಮವರು ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ಬೆನ್ನಟ್ಟಬಲ್ಲವರಾದುದು, ಇಂತಹ ಬಿರುಕುಗಳು ಭೂಗರ್ಭದಲ್ಲಿ ಬಹುದೂರ ಇಳಿದಿರುವುದರಿಂದಲೇ.

ಈ ಶಾಸ್ತ್ರವೊಂದನ್ನೂ ಅರಿಯದ ಪ್ರಾಚೀನರು ಬೆಣಚಿನ ಬಿಳಿಯ ಗೆರೆಯನ್ನೂ ಅದರ ಅಂಚಿನ ತುಕ್ಕುಗೆಂಪನ್ನೂ ಓದಬಲ್ಲವರಾಗಿದ್ದರು. ಹಟ್ಟಿಯಲ್ಲಿ ಅವರು ಕಲ್ಲಿನ ಮೋರೆಗೆ ಕಟ್ಟಿಗೆ ಒಟ್ಟಿ ಉರಿಸಿ, ಕಾದ ಬಂಡೆಯನ್ನು ಸೀಳಿಸಿ, ಹೊಗೆಯೂ ಒಸರುನೀರೂ ತುಂಬಿದ ಕತ್ತಲೆಯಲ್ಲಿ 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರೆಂಬುದು, ಅಲ್ಲಿ ದೊರೆತ ಹಳೆಯ ಮರದ ಕಾಲನಿರ್ಣಯದ ಮೇರೆಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಣ ಸಂಗತಿ. ಕಬ್ಬಿಣದ ಉಳಿ, ಮಣ್ಣಿನ ಗಡಿಗೆ, ಬೆಂಕಿ, ಇಷ್ಟರಿಂದಲೇ ಇದನ್ನು ಸಾಧಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲದಿರುವುದು ನನಗೆ ನಿಜವಾಗಿ ವ್ಯಥೆಯ ವಿಷಯ.

ಅದೇ ಶಿಲಾಪಟ್ಟಿಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನವನ್ನರಸುತ್ತಿದ್ದಾಗ ಕಂಡುದು, ದೇವಾನಾಂಪ್ರಿಯನೆಂಬ ಬಿರುದಿನ ಮೌರ್ಯ ಅರಸನನ್ನು ಅಶೋಕನೆಂಬ ಸ್ವನಾಮದಿಂದಲೇ ಕರೆದ ಶಾಸನ. ಮೌರ್ಯರ ದಕ್ಷಿಣದ ಅಧಿಕಾರಸ್ಥಾನಕ್ಕೆ ಸುವರ್ಣಗಿರಿಯೆಂಬ ಹೆಸರಿದ್ದುದನ್ನೂ, ಅದು ಈ ಸೀಮೆಯಲ್ಲಿಯೇ ಇದ್ದಿರಬೇಕೆಂದು ವಿದ್ವಾಂಸರು ಊಹಿಸುವುದನ್ನೂ ನೆನೆದರೆ, ಆ ಅರಸರ ಆಸಕ್ತಿಗೆ ಇಲ್ಲಿಯ ಗಣಿಗಳೂ ಕಾರಣವಾಗಿದ್ದಿರಬಹುದೆಂದು ನನಗೆ ತೋರುತ್ತದೆ.

ಹೊಸ ಗಣಿಗಾರರೂ ಹಳೆಯವರ ಹೆಜ್ಜೆಯನ್ನೇ ಹಿಡಿದರು. 1802ರಲ್ಲಿ ವಾರನ್ ಎಂಬ ಸೈನ್ಯಾಧಿಕಾರಿಗೆ ಕೋಲಾರದ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದ್ದರು. 1880ರಿಂದೀಚೆಗೆ ಕೋಲಾರಕ್ಕೆ ಬಂದ ಜಾನ್ ಟೇಲರ್ ಕಂಪನಿಯವರು ಸಮೃದ್ಧವಾದ ಸಿರೆಯನ್ನು ಮುಟ್ಟಿದುದು ಪ್ರಾಚೀನರ ಹಳ್ಳಗಳ ಅಡಿಯಲ್ಲಿ, ಅವರು ಅಗೆದು ನಿಲ್ಲಿಸಿದಲ್ಲಿಂದ ಮುಂದಕ್ಕೆ.