ಹೃದಯಾವರಣದ ತೀವ್ರ ಉರಿಯೂತ

ಹೃದಯವನ್ನೂ ಅದಕ್ಕೆ ಸೇರಿದ ದೊಡ್ಡ ರಕ್ತನಾಳಗಳ ಬುಡವನ್ನೂ ಸುತ್ತುವರಿದಿರುವ ಎರಡು ಪದರಗಳ ಚೀಲಕ್ಕೆ ಹೃದಯಾವರಣ ಅಥವಾ ಪೆರಿಕಾರ್ಡಿಯಂ ಎಂದು ಹೆಸರು. ಪದರಗಳ ನಡುವೆ ಸಾಮಾನ್ಯವಾಗಿ 15ರಿಂದ 50 ಮಿಲಿಲೀಟರ್ ದ್ರವವಿದ್ದು, ಹೃದಯ ಬಡಿಯುವಾಗ ಅವು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆ. ವೈರಸ್ ಸೋಂಕು, ಕ್ಷಯ, ಮೂತ್ರಪಿಂಡ ವೈಫಲ್ಯ, ಲೂಪಸ್‌ನಂತಹ ಸ್ವರಕ್ಷಾ ರೋಗಗಳು, ಕ್ಯಾನ್ಸರ್ ಮೊದಲಾದ ಕಾರಣಗಳಿಂದ ಈ ಪದರಗಳು ಹಠಾತ್ತನೆ ಕೆರಳುವ ಸ್ಥಿತಿಯೇ ತೀವ್ರ ಪೆರಿಕಾರ್ಡೈಟಿಸ್. ಇದನ್ನು ಹೃದಯಾಘಾತವೆಂದು ತಪ್ಪಾಗಿ ತಿಳಿದು ರಕ್ತದ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಆವರಣದೊಳಗೆ ರಕ್ತಸ್ರಾವವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದಾದ್ದರಿಂದ, ಎರಡನ್ನೂ ಬೇರ್ಪಡಿಸಿ ನೋಡುವುದು ವೈದ್ಯರ ಮೊದಲ ಹೊಣೆ.

ಯೂರೋಪಿನ ಹೃದ್ರೋಗ ತಜ್ಞರ ಸಂಘವು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಈ ರೋಗಕ್ಕೆ ವಿಶಿಷ್ಟವಾದ ಎದೆನೋವು, ಆವರಣದ ಘರ್ಷಣ ಧ್ವನಿ, ಇಸಿಜಿಯಲ್ಲಿ ಹೊಸದಾಗಿ ಕಾಣುವ ವ್ಯಾಪಕ ಬದಲಾವಣೆ, ಆವರಣದಲ್ಲಿ ಹೊಸದಾಗಿ ಸೇರಿದ ಅಥವಾ ಹೆಚ್ಚಿದ ದ್ರವ ಎಂಬ ನಾಲ್ಕರಲ್ಲಿ ಎರಡಾದರೂ ಇದ್ದರೆ ರೋಗವನ್ನು ನಿರ್ಧರಿಸಬಹುದು. ಈ ನಾಲ್ಕರಲ್ಲಿ ಮೊದಲೆರಡಕ್ಕೆ ಯಾವ ದುಬಾರಿ ಯಂತ್ರವೂ ಬೇಡ.

ನೋವು ಸಾಮಾನ್ಯವಾಗಿ ಎದೆಮೂಳೆಯ ಹಿಂದೆ ಅಥವಾ ಎಡಕ್ಕೆ ಚುಚ್ಚಿದಂತೆ ಬರುತ್ತದೆ. ದೀರ್ಘವಾಗಿ ಉಸಿರೆಳೆದಾಗ, ಕೆಮ್ಮಿದಾಗ, ಅಂಗಾತ ಮಲಗಿದಾಗ ಹೆಚ್ಚಿ, ಎದ್ದು ಕುಳಿತು ಮುಂದಕ್ಕೆ ಬಾಗಿದಾಗ ತಗ್ಗುತ್ತದೆ. ವಪೆಯ ನರವು ಹೃದಯಾವರಣವನ್ನು ಹಾದುಹೋಗುವುದರಿಂದ ಕುತ್ತಿಗೆ ಮತ್ತು ಭುಜಗಳ ನಡುವಣ ಟ್ರೆಪೀಜಿಯಸ್ ಸ್ನಾಯುವಿನ ಅಂಚಿಗೂ ನೋವು ಹರಡುವುದುಂಟು, ಮತ್ತು ಈ ಜಾಗದ ನೋವು ಪೆರಿಕಾರ್ಡೈಟಿಸ್‌ನತ್ತ ಬೆರಳು ತೋರುವ ಬೆಲೆಯುಳ್ಳ ಸುಳಿವು.

ಘರ್ಷಣ ಧ್ವನಿಯನ್ನು ಫ್ರಾನ್ಸಿನ ವೈದ್ಯ ವಿಕ್ಟರ್ ಕೋಲಾಂ 1824ರಲ್ಲಿ ವರ್ಣಿಸಿ, ಹೊಸ ಚರ್ಮ ಕಿರುಗುಟ್ಟುವ ಸದ್ದಿಗೆ ಹೋಲಿಸಿದನು. ರೋಗಿಯನ್ನು ಮುಂದಕ್ಕೆ ಬಾಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು ತಡೆಹಿಡಿಯಲು ಹೇಳಿ, ಎದೆಮೂಳೆಯ ಎಡ ಅಂಚಿನ ಕೆಳಭಾಗದಲ್ಲಿ ಸ್ಟೆತಸ್ಕೋಪಿನ ಚಪ್ಪಟೆ ಮುಖವನ್ನು ಒತ್ತಿ ಹಿಡಿದರೆ ಅದು ಚೆನ್ನಾಗಿ ಕೇಳಿಸುತ್ತದೆ. ಉಸಿರು ಹಿಡಿದಾಗಲೂ ನಿಲ್ಲದಿರುವುದು ಅದನ್ನು ಶ್ವಾಸಕೋಶದ ಹೊದಿಕೆಯ ಘರ್ಷಣೆಯಿಂದ ಬೇರ್ಪಡಿಸುತ್ತದೆ. ಬೆಳಿಗ್ಗೆ ಸ್ಪಷ್ಟವಾಗಿದ್ದ ಸದ್ದು ಸಂಜೆಗೆ ಮಾಯವಾಗಬಹುದಾದ್ದರಿಂದ ಒಮ್ಮೆ ಕೇಳಿಸಲಿಲ್ಲವೆಂದು ಕೈಬಿಡದೆ ಮತ್ತೆ ಮತ್ತೆ ಆಲಿಸಬೇಕು.

ಇಸಿಜಿಯಲ್ಲಿ ಎಸ್‌ಟಿ ಭಾಗವು ಒಂದೇ ರಕ್ತನಾಳದ ವ್ಯಾಪ್ತಿಗೆ ಸೀಮಿತವಾಗದೆ ಬಹುತೇಕ ಎಲ್ಲ ಲೀಡ್‌ಗಳಲ್ಲೂ ಮೇಲ್ಮುಖವಾಗಿ ತಗ್ಗಿದ ಆಕಾರದಲ್ಲಿ ಏರಿರುತ್ತದೆ, ಪಿಆರ್ ಭಾಗ ಕುಸಿದಿರುತ್ತದೆ. ಎವಿಆರ್ ಲೀಡ್‌ನಲ್ಲಾದರೋ ಇವೆರಡೂ ತಿರುವುಮುರುವಾಗಿರುತ್ತವೆ. ಹೃದಯಾಘಾತದಲ್ಲಿ ಎಸ್‌ಟಿ ಇನ್ನೂ ಏರಿರುವಾಗಲೇ ಟಿ ಅಲೆ ತಲೆಕೆಳಗಾಗಬಹುದು, ಪೆರಿಕಾರ್ಡೈಟಿಸ್‌ನಲ್ಲಾದರೋ ಎಸ್‌ಟಿ ಸಮರೇಖೆಗೆ ಮರಳಿದ ಮೇಲೆಯೇ ಸಾಮಾನ್ಯವಾಗಿ ಹಾಗಾಗುತ್ತದೆ. ಆದರೆ ಈ ಚಿತ್ರ ಎಲ್ಲರಲ್ಲೂ ಕಾಣದು. ಮೂತ್ರಪಿಂಡ ವೈಫಲ್ಯದಿಂದ ಬಂದ ಉರಿಯೂತದಲ್ಲಂತೂ ಹಲವೊಮ್ಮೆ ಇರುವುದೇ ಇಲ್ಲ.

ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಏರಿಕೆ ಉರಿಯೂತವನ್ನು ಸಮರ್ಥಿಸುತ್ತದೆ. ಟ್ರೊಪೊನಿನ್ ಕೂಡ ಏರಿದ್ದರೆ ಹೃದಯದ ಸ್ನಾಯುವಿಗೂ ಪೆಟ್ಟು ಬಿದ್ದಿದೆ ಎಂದರ್ಥವಾಗಿ, ಹೃದಯಾಘಾತದ ಸಾಧ್ಯತೆಯನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.

ಎಕೋ ಪರೀಕ್ಷೆ ಆವರಣದ ದ್ರವವನ್ನು ತೋರಿಸುತ್ತದೆ. ದ್ರವವಿಲ್ಲದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ದ್ರವ ವೇಗವಾಗಿ ತುಂಬಿದರೆ ಸ್ವಲ್ಪವೇ ಪ್ರಮಾಣವೂ ಹೃದಯವನ್ನು ಅದುಮಿ ಟ್ಯಾಂಪೊನೇಡ್ ಎಂಬ ತುರ್ತುಸ್ಥಿತಿಯನ್ನು ತರಬಲ್ಲದು. ರಕ್ತದೊತ್ತಡದ ಇಳಿಕೆ, ಉಬ್ಬಿದ ಕುತ್ತಿಗೆಯ ಸಿರೆ, ಮಂದವಾದ ಹೃದಯದ ಸದ್ದು, ಉಸಿರೆಳೆದಾಗ ಸಂಕೋಚನ ರಕ್ತದೊತ್ತಡ 10 ಮಿ.ಮೀ. ಪಾದರಸಕ್ಕಿಂತ ಹೆಚ್ಚು ಕುಸಿಯುವುದು ಅದರ ಕುರುಹುಗಳು. ಆಗ ಸೂಜಿ ಅಥವಾ ಶಸ್ತ್ರಕ್ರಿಯೆಯ ಮೂಲಕ ದ್ರವವನ್ನು ತಡಮಾಡದೆ ಹೊರತೆಗೆಯಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಿನ ಪ್ರಕರಣಗಳು ವೈರಸ್‌ನಿಂದ ಬಂದವು ಅಥವಾ ಕಾರಣ ತಿಳಿಯದವು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಅದೇ ಊಹೆಯಿಂದ ಹೊರಡುವುದು ಅಪಾಯಕಾರಿ. ವಾರಗಟ್ಟಲೆ ಕಾಡುವ ಜ್ವರ, ತೂಕ ಇಳಿಕೆ, ದೊಡ್ಡ ಪ್ರಮಾಣದ ದ್ರವ, ಉರಿಯೂತ ನಿವಾರಕ ಮಾತ್ರೆಗೆ ಒಂದು ವಾರವಾದರೂ ಬಗ್ಗದ ನೋವು ಕಂಡಲ್ಲಿ ಕ್ಷಯವನ್ನು ಹುಡುಕಲೇಬೇಕು. ತೆಗೆದ ದ್ರವವನ್ನು ಕ್ಷಯಾಣುವಿನ ಕೃಷಿ, ವಂಶವಾಹಿ ಪರೀಕ್ಷೆ ಹಾಗೂ ಅಡಿನೊಸಿನ್ ಡಿಅಮಿನೇಸ್ ಕಿಣ್ವದ ಅಳತೆಗೆ ಕಳುಹಿಸಲಾಗುತ್ತದೆ. ಕ್ಷಯ ಕೈತಪ್ಪಿದರೆ ಆವರಣವು ಮುಂದೆ ದಪ್ಪಗಟ್ಟಿ ಹೃದಯ ಹಿಗ್ಗದಂತೆ ಬಿಗಿಯಬಹುದು, ಆಗ ಆ ಚೀಲವನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿ ತೆಗೆಯಬೇಕಾಗಿ ಬರಬಹುದು.