ವಿದ್ವಾಂಸರ ಮನೆಯ ಲೆಕ್ಕ: ಚರಿತ್ರೆಯಿಂದ ಕಲಿಯಬೇಕಾದ ಪಾಠ

ಇಸ್ಲಾಮೀ ನಾಗರಿಕತೆಯ ಜ್ಞಾನಪರಂಪರೆಯನ್ನು ಕುರಿತು ಮಾತನಾಡುವಾಗ ನಾವು ಮಹಾಗ್ರಂಥಗಳನ್ನೂ ಗ್ರಂಥಾಲಯಗಳನ್ನೂ ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ಗ್ರಂಥಗಳನ್ನು ಬರೆದವರ ಮನೆಯ ಒಲೆ ಯಾವ ಹಣದಿಂದ ಉರಿಯುತ್ತಿತ್ತು ಎಂದು ಕೇಳುವುದು ಮಾತ್ರ ಅಪರೂಪ. ನಮ್ಮ ಮನೆಗಳ ಮಕ್ಕಳು ಪಿಎಚ್.ಡಿ. ಅಧ್ಯಯನಕ್ಕೆ ಸೇರುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಸಂಶೋಧಕರಿಗೆ ತಿಂಗಳ ಮೊದಲ ತಾರೀಖಿನ ಸಂಬಳವಿಲ್ಲ. ಫೆಲೋಶಿಪ್ಪಿನ ಹಣ ಕೆಲವೊಮ್ಮೆ ಬಾಕಿಯೆಲ್ಲ ಸೇರಿ ಒಟ್ಟಿಗೆ ಬರುತ್ತದೆ. ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದೇ ಇಲ್ಲ.

ಅನಿಯಮಿತ ಆದಾಯವು ಬೂದಿಗೆರೆಯ ಸುತ್ತಮುತ್ತಲಿನ ನಮಗೆ ಹೊಸತೇನಲ್ಲ. ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಗೆ ಹೆಸರಾದ ಊರು. ಹುಳು ಸಾಕುವ ಮನೆಗೆ ಹಣ ಬರುವುದು ಗೂಡು ಮಾರಾಟವಾದ ದಿನ. ಒಂದು ಬೆಳೆ ಕೈಕೊಟ್ಟರೆ ಮುಂದಿನ ಬೆಳೆಯವರೆಗೆ ಕಾಯಬೇಕು. ತಿಳಿವಳಿಕೆಯುಳ್ಳ ಮನೆಯ ಹಿರಿಯರು ಗೂಡಿನ ದುಡ್ಡು ಕೈಸೇರಿದೊಡನೆ ಸಂತೆಗೆ ಹೊರಡುವುದಿಲ್ಲ. ಮುಂದಿನ ಬೆಳೆಯ ಖರ್ಚನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ಮೊದಲು ತೆಗೆದಿಡುತ್ತಾರೆ. ಸಂಶೋಧಕರಿಗೆ ಬೇಕಾದ ವಿವೇಕವೂ ಇದೇ.

ಈ ವಿವೇಕಕ್ಕೆ ನಮ್ಮ ಧರ್ಮದಲ್ಲಿ ಆಳವಾದ ಬೇರಿದೆ. ಪ್ರವಾದಿ ಯೂಸುಫ್(ಅ)ರು ಸುಭಿಕ್ಷದ ಏಳು ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿ, ಬರಗಾಲದ ಏಳು ವರ್ಷಗಳಿಗೆ ಕಾಪಿಡುವ ಉಪಾಯವನ್ನು ಈಜಿಪ್ಟಿನವರಿಗೆ ತಿಳಿಸಿಕೊಟ್ಟರು. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿರಿಸುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಆದ್ದರಿಂದ ನಾಳೆಗೆಂದು ಲೆಕ್ಕ ಹಾಕುವುದು ತವಕ್ಕುಲ್‌ಗೆ ವಿರುದ್ಧವೆಂದು ಭಾವಿಸಬೇಕಾಗಿಲ್ಲ.

ಇಮಾಮ್ ಅಬೂ ಹನೀಫ(ರ)ರನ್ನು ನೋಡೋಣ. ಹಿಜರಿ 150ರಲ್ಲಿ, ಅಂದರೆ ಕ್ರಿ.ಶ. 767ರಲ್ಲಿ, ನಿಧನರಾದ ಈ ಮಹಾ ವಿದ್ವಾಂಸರು ಕೂಫಾ ನಗರದಲ್ಲಿ ರೇಷ್ಮೆಬಟ್ಟೆಯ ವ್ಯಾಪಾರಿಯಾಗಿದ್ದರು. ಖಲೀಫ ಅಲ್ ಮನ್ಸೂರ್ ನ್ಯಾಯಾಧೀಶರ ಹುದ್ದೆ ನೀಡಲು ಬಂದಾಗ ಅವರು ಅದನ್ನು ನಿರಾಕರಿಸಿದರು; ಅದಕ್ಕಾಗಿ ಸೆರೆಮನೆಯನ್ನೂ ಕಂಡರು. ಅಂಗಡಿಯ ಆದಾಯವಿದ್ದುದರಿಂದ ಅವರ ಜ್ಞಾನವು ಯಾರ ಹಂಗಿಗೂ ಒಳಗಾಗಲಿಲ್ಲ. ಅವರ ಶಿಷ್ಯ ಅಬೂ ಯೂಸುಫ್ ಬಡ ಮನೆಯ ಹುಡುಗ. ದುಡಿಮೆಗೆ ಹೋಗೆಂದು ಮನೆಯವರು ಒತ್ತಾಯಿಸಿದ್ದರಿಂದ ಪಾಠಕ್ಕೆ ಬರುವುದು ತಪ್ಪಿತು. ಗುರುಗಳು ಕಾರಣ ವಿಚಾರಿಸಿ ನೂರು ದಿರ್ಹಮ್‌ಗಳ ಚೀಲವೊಂದನ್ನು ಕೊಟ್ಟರು. ಅದು ಮುಗಿಯುವ ವೇಳೆಗೆ, ಶಿಷ್ಯನು ಬಾಯಿಬಿಟ್ಟು ಕೇಳುವ ಮೊದಲೇ, ಇನ್ನೊಂದು ಚೀಲ ಕೈಸೇರುತ್ತಿತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ಹುಡುಗನೇ ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾಗಿ, ರಾಜ್ಯದ ಕಂದಾಯದ ಬಗ್ಗೆ 'ಕಿತಾಬುಲ್ ಖರಾಜ್' ಎಂಬ ಗ್ರಂಥವನ್ನು ರಚಿಸಿದರು.

ವರ್ಷದ ಲೆಕ್ಕವನ್ನು ಅತ್ಯಂತ ಸ್ಪಷ್ಟವಾಗಿ ಕಲಿಸುವವರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಬಸರಾದಲ್ಲಿ ಜನಿಸಿದ ಇವರು ಬೆಳಕು ಮತ್ತು ದೃಷ್ಟಿಯನ್ನು ಕುರಿತು 'ಕಿತಾಬುಲ್ ಮನಾಝಿರ್' ಬರೆದ ವಿಜ್ಞಾನಿ. ಕೈರೋದಲ್ಲಿ ಅಲ್ ಅಝ್‌ಹರ್ ಸಮೀಪ ನೆಲೆಸಿದ ಅವರು ಪ್ರತಿ ವರ್ಷ ಯೂಕ್ಲಿಡ್ ಮತ್ತು ಟಾಲೆಮಿಯ ಕೃತಿಗಳ ಜೊತೆಗೆ ಇನ್ನೊಂದು ಗಣಿತ ಸಂಕಲನವನ್ನು ನಕಲು ಮಾಡುತ್ತಿದ್ದರು. ಆ ಪ್ರತಿಗಳಿಗೆ 150 ದೀನಾರ್ ಬೆಲೆ. ಅದರಲ್ಲಿ ಚೌಕಾಸಿಗೆ ಅವಕಾಶವಿರಲಿಲ್ಲ. ಅಷ್ಟೇ ಅವರ ಇಡೀ ವರ್ಷದ ಜೀವನೋಪಾಯ. ತನಗೆ ವರ್ಷಕ್ಕೆ ಎಷ್ಟು ಸಾಕು ಎಂಬುದು ಅವರಿಗೆ ಗೊತ್ತಿತ್ತು. ಅಷ್ಟನ್ನು ಶ್ರಮದಿಂದ ಸಂಪಾದಿಸಿ, ಉಳಿದ ಸಮಯವನ್ನು ಸಂಶೋಧನೆಗೆ ಮೀಸಲಿಟ್ಟರು.

ಇಮಾಮ್ ಗಝಾಲಿ(ರ) 1095ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಹುದ್ದೆಯನ್ನು ತೊರೆದಾಗ ತಮ್ಮ ಸಂಪತ್ತನ್ನು ಹಂಚಿಬಿಟ್ಟರು. ಆದರೆ ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಮೊದಲು ತೆಗೆದಿರಿಸಿದರು. ವೈರಾಗ್ಯದ ಹಾದಿ ಹಿಡಿದವರೂ ಮನೆಯವರನ್ನು ಬೀದಿಗೆ ಬಿಡಲಿಲ್ಲ.

ನಮ್ಮ ಕರ್ನಾಟಕದಲ್ಲೇ ಬೀದರ್‌ನ ಮಹಮೂದ್ ಗವಾನರ ನಿದರ್ಶನವಿದೆ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಅವರು 1472ರಲ್ಲಿ ಕಟ್ಟಿಸಿದ ಮದ್ರಸದಲ್ಲಿ ವಿದ್ಯಾರ್ಥಿಗಳಿಗೆ ಊಟ, ವಸತಿ ಎರಡೂ ಉಚಿತವಾಗಿದ್ದವು. 1481ರಲ್ಲಿ ಸುಳ್ಳು ಆರೋಪದ ಮೇಲೆ ಅವರನ್ನು ಕೊಲ್ಲಿಸಿದ ಸುಲ್ತಾನನು ಅವರ ಭಂಡಾರವನ್ನು ತೆರೆಸಿದಾಗ ನಿರೀಕ್ಷಿಸಿದ ಐಶ್ವರ್ಯ ಸಿಗಲಿಲ್ಲ. ಆಡಳಿತದ ಹಣಕ್ಕೆ ಒಂದು ಖಜಾನೆ, ಬಡವರ ಹಣಕ್ಕೆ ಇನ್ನೊಂದು ಖಜಾನೆ ಎಂದು ಅವರು ಬೇರೆಬೇರೆ ಇಟ್ಟಿದ್ದರು. ಸ್ವಂತ ಊಟ ಉಡುಪಿನ ವೆಚ್ಚವನ್ನು ತಾವು ತಂದಿದ್ದ ವ್ಯಾಪಾರದ ಬಂಡವಾಳದ ಲಾಭದಿಂದಲೇ ತೂಗಿಸುತ್ತಿದ್ದರು ಎಂದು ಫಿರಿಶ್ತಾ ದಾಖಲಿಸಿದ್ದಾನೆ. ಒಂದು ಹಣವನ್ನು ಇನ್ನೊಂದರೊಡನೆ ಬೆರೆಸಬಾರದೆಂಬ ಆ ಶಿಸ್ತು ಇಂದಿನ ಸಂಶೋಧಕರಿಗೂ ಮಾದರಿ.

ಕನ್ನಡದ ಸಂಶೋಧನೆಯೂ ಇಂತಹ ತ್ಯಾಗದಿಂದಲೇ ಬೆಳೆದಿದೆ. ವಚನ ಸಾಹಿತ್ಯವನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದರು. 1925ರಲ್ಲಿ ಮುದ್ರಣಾಲಯ ಸ್ಥಾಪಿಸಲು ಅವರು ಮನೆಯನ್ನೇ ಮಾರಿದರು. ಅವರ ತ್ಯಾಗಕ್ಕೆ ನಾಡು ಋಣಿಯಾಗಿದೆ. ಆದರೆ ಪ್ರತಿಯೊಬ್ಬ ಸಂಶೋಧಕನೂ ಮನೆ ಮಾರಲಿ ಎಂದು ನಿರೀಕ್ಷಿಸುವುದು ಸಮಾಜಕ್ಕೆ ಶೋಭೆಯಲ್ಲ.

ಇಂದಿನ ಸ್ಥಿತಿಗೆ ಬರೋಣ. ಅಲ್ಪಸಂಖ್ಯಾತ ಸಂಶೋಧಕರಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ನಿಲ್ಲಿಸುವುದಾಗಿ ಕೇಂದ್ರ ಸರಕಾರವು 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ತಿಳಿಸಿತು. ಮೊದಲೇ ಆಯ್ಕೆಯಾಗಿದ್ದವರಿಗೂ ಕಂತುಗಳು ತಡವಾದವು. ಯುಜಿಸಿಯ ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಆದರೆ ಅದು ಪರೀಕ್ಷೆಯಲ್ಲಿ ಅರ್ಹರಾದವರಿಗೆ ಮಾತ್ರ, ಅದೂ ನಿಗದಿತ ವರ್ಷಗಳವರೆಗೆ ಮಾತ್ರ. ಹಣದ ಕಾರಣಕ್ಕೆ ಪ್ರಬಂಧವನ್ನು ಅರ್ಧದಲ್ಲೇ ಕೈಬಿಟ್ಟರೆ ನಷ್ಟವಾಗುವುದು ಆ ಮನೆಗೆ ಮಾತ್ರವಲ್ಲ, ಇಡೀ ಸಮುದಾಯಕ್ಕೆ.

ಆದ್ದರಿಂದ ಸಂಶೋಧನೆಗೆ ಸೇರಿದ ಮಕ್ಕಳು ತಿಂಗಳ ಬದಲು ವರ್ಷದ ಲೆಕ್ಕ ಬರೆಯಲಿ. ಬಾಡಿಗೆ, ಊಟ, ಪ್ರಯಾಣ, ವಿಶ್ವವಿದ್ಯಾಲಯದ ಶುಲ್ಕ, ಪ್ರಬಂಧದ ಟೈಪಿಂಗ್ ಮತ್ತು ಬೈಂಡಿಂಗ್ ಎಲ್ಲವನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಲಿ. ಬಾಕಿ ಹಣ ಒಟ್ಟಿಗೆ ಬಂದರೆ ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ತಮಗೆ ತಾವೇ ಸಂಬಳ ಕೊಟ್ಟುಕೊಳ್ಳುವಂತೆ ತಿಂಗಳಿಗೆ ಇಷ್ಟೆಂದು ತೆಗೆಯಲಿ. ಪುಸ್ತಕ ಮತ್ತು ಕ್ಷೇತ್ರಕಾರ್ಯಕ್ಕೆಂದು ಬಂದ ಅನುದಾನವನ್ನು ಮನೆಖರ್ಚಿಗೆ ಬೆರೆಸದಿರಲಿ. ಅನುವಾದ, ಕರಡು ತಿದ್ದುವಿಕೆ, ಪಾಠ ಹೇಳುವುದು ಇವು ನಮ್ಮ ಕಾಲದ ಗ್ರಂಥ ನಕಲು ಕೆಲಸಗಳು, ಅವುಗಳಲ್ಲಿ ಅವಮಾನವಿಲ್ಲ. ಸಾಲ ಅನಿವಾರ್ಯವಾದರೆ ಬಡ್ಡಿಯಿಂದ ದೂರವಿದ್ದು, ಬರವಣಿಗೆಯಲ್ಲಿ ದಾಖಲಿಸಲಿ. ಕುರ್‌ಆನಿನ ಅತಿ ದೀರ್ಘ ವಚನವು ಸಾಲವನ್ನು ಬರೆದಿಡುವ ಕುರಿತಾಗಿಯೇ ಇದೆ ಎಂಬುದು ನೆನಪಿರಲಿ.

ಮನೆಯವರ ಮತ್ತು ಜಮಾಅತ್‌ಗಳ ಹೊಣೆಯೂ ಕಡಿಮೆಯಲ್ಲ. ಮೊದಲ ಕಂತು ಬಂದೊಡನೆ ಮದುವೆಯ ಖರ್ಚನ್ನೋ ಹೊಸ ವಾಹನದ ಆಸೆಯನ್ನೋ ಆ ಮಕ್ಕಳ ಮೇಲೆ ಹೇರಬಾರದು. ಫೆಲೋಶಿಪ್ ತಡವಾದ ತಿಂಗಳುಗಳಿಗೆ ನಮ್ಮ ಮಸೀದಿಗಳ ಬೈತುಲ್‌ಮಾಲ್‌ಗಳು ಬಡ್ಡಿರಹಿತ ಕರ್ಝೆ ಹಸನ್ ನೀಡಿದರೆ, ಹಣ ಬಂದಾಗ ಅದು ಮರಳುತ್ತದೆ. ಅದೇ ಮೊತ್ತ ಮತ್ತೊಬ್ಬರಿಗೆ ಆಸರೆಯಾಗುತ್ತದೆ. ಕೂಫಾದ ಬಟ್ಟೆ ವ್ಯಾಪಾರಿಯೊಬ್ಬರು ನೀಡಿದ ನೂರು ದಿರ್ಹಮ್‌ಗಳು ಸಮುದಾಯಕ್ಕೆ ಒಬ್ಬ ಮಹಾನ್ ನ್ಯಾಯಾಧೀಶರನ್ನು ಕೊಟ್ಟವು. ನಮ್ಮ ಊರುಗಳಲ್ಲೂ ಪಾಠಕ್ಕೆ ಬರುವುದು ತಪ್ಪಿಹೋದ ಮಕ್ಕಳಿದ್ದಾರೆ. ಅವರ ಕಾರಣವನ್ನು ವಿಚಾರಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.